ಎರವು ಒಡವೆಯಾಗುವ ಬಗೆ

ಹತ್ತು ಹನ್ನೆರಡು ವರ್ಷಗಳ ಕೆಳಗೆ ನಮ್ಮ ಸಂಘದ ವಾರ್ಷಿಕ ಕೂಟದಲ್ಲಿ ವಾಸ್ತುವಿಗೂ ವಾಙ್ಮಯಕ್ಕೂ ಇರುವ ಸಂಬಂಧವನ್ನು ಕುರಿತು ನಾನು ಒಂದು ಉಪನ್ಯಾಸ ಮಾಡಿದ್ದೆನು. ಅದರಲ್ಲಿ ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ಪ್ರಸ್ತಾಪ ಬಂದಿತು. ಆ ಕಟ್ಟಡವು ಜರ್ಮನಿಯ ಕೊಲೋನ್ ನಗರದ ಮಹಾದೇವಾಲಯದ ನಕಲು. ನಕಲಿಗೆ ವಿಮರ್ಶೆ ಏತಕ್ಕೆ, ಮೂಲವನ್ನು ವಿಮರ್ಶಿಸಿದರೆ ಸಾಲದೆ, ಎಂದು ಹೇಳಿ ನಾನು ಮುಂದಿನ ಮಾತಿಗೆ ಹೋದೆನು. ಸಭೆಯಲ್ಲಿ ಕೆಲವರು ನಕ್ಕರು, ಕೆಲವರು ತಲೆದೂಗಿದರು. ಆ ವಾಕ್ಯವು ಸಂಘದ ವರದಿಯಲ್ಲಿ ಅಚ್ಚಾಗಿ ಇಂದಿಗೂ ಉಳಿದಿದೆ. ಆ ಮಾತು ತಪ್ಪೆಂದು ಈಗ ನನಗೆ ಮನದಟ್ಟಾಗಿದೆ. ಅದು ಹೇಗೆ ತಪ್ಪೆಂಬುದನ್ನು ಇದೇ ವಾಚಕರ ಮುಂದೆ ವಿವರಿಸುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಅಂದಿನ ಕೂಟ ಮುಗಿದ ಮೇಲೆ ಚುಂಚನಕಟ್ಟೆಯ ಕಡೆಯಿಂದ ಬಂದಿದ್ದ ವೃದ್ಧರೊಬ್ಬರು ಬಾಗಿಲ ಬಳಿ ನನ್ನನ್ನು ನಿಲ್ಲಿಸಿದರು. ಹೆಚ್ಚು ಓದಿದವರಲ್ಲ, ಆದರೆ ಗಮಕಿಗಳ ಭಾರತ ವಾಚನವನ್ನು ಬಾಳೆಲ್ಲ ಕೇಳಿದವರು. "ಅಲ್ಲ ಮೇಷ್ಟ್ರೇ, ಹೊರಗಿಂದ ಬಂದದ್ದೆಲ್ಲ ನಕಲು ಅಂದ್ರಲ್ಲ, ನಮ್ಮ ಚುಂಚನಕಟ್ಟೆ ರಾಮ ಯಾವೂರೋನು?" ಎಂದು ಕೇಳಿದರು. ನಾನು ನಕ್ಕು, "ಒಳ್ಳೆಯ ಮಾತು ಹೇಳಿದಿರಿ, ಯಜಮಾನರೇ" ಎಂದು ಕೈಮುಗಿದು ಬಂದೆನು. ಅದು ಪ್ರಶ್ನೆಯೆಂದು ನನಗೆ ತಿಳಿಯಲಿಲ್ಲ, ಚಮತ್ಕಾರವೆಂದು ತಿಳಿದೆನು. ಉತ್ತರಕ್ಕಾಗಿ ನಾನು ಇಂಗ್ಲೆಂಡಿನವರೆಗೆ ಹೋಗಿ ಬರಬೇಕಾಯಿತು.

ಉದ್ಯೋಗ ನಿಮಿತ್ತವಾಗಿ ಆ ದೇಶದಲ್ಲಿರುವ ಮಗನ ಮನೆಯಲ್ಲಿ ಎರಡು ತಿಂಗಳು ಇರುವ ಅವಕಾಶ ಒದಗಿದಾಗ, ನೋಡಬೇಕಾದ ಸ್ಥಳಗಳಲ್ಲಿ ಮೊದಲನೆಯದಾಗಿ ನಾನು ಕ್ಯಾಂಟರ್ಬರಿಯ ಹೆಸರನ್ನು ಹೇಳಿದೆನು. ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಆ ಊರು ನಮ್ಮ ಶ್ರವಣಬೆಳಗೊಳದಂತೆ ಕಾಣದೆಯೇ ಪರಿಚಿತವಾದುದು. ಚಾಸರನ ಯಾತ್ರಿಕರು ಕಥೆ ಹೇಳುತ್ತ ಹೊರಟುದು ಆ ಊರಿಗೆ. ನಮ್ಮಲ್ಲಿ ಪ್ರವಾಸ ಕಥನಗಳಲ್ಲಿ ಇಂಥ ಸ್ಥಳಗಳನ್ನು ವರ್ಣಿಸುವ ರೀತಿ ಒಂದು ರೂಢವಾಗಿಬಿಟ್ಟಿದೆ. ಗೋಪುರದ ಎತ್ತರ ಇಷ್ಟು ಅಡಿ, ಕಟ್ಟಿದ್ದು ಇಂಥ ಶತಮಾನ, ಒಳಗೆ ಕಾಲಿಟ್ಟೊಡನೆ ಮೈ ಜುಮ್ಮೆಂದಿತು, ಹೊರಗೆ ಬಂದು ಚಹಾ ಕುಡಿದೆವು. ಎತ್ತರವನ್ನು ಹೇಳುವುದರಲ್ಲಿ ದೋಷವಿಲ್ಲ. ಕ್ಯಾಂಟರ್ಬರಿಯ ನಡುಗೋಪುರವು ೨೩೫ ಅಡಿ ಎಂದು ನಾನೂ ಹೇಳುತ್ತೇನೆ. ಆದರೆ ಅಡಿಗಳನ್ನು ಎಣಿಸುವವನು ಕಟ್ಟಡವನ್ನು ಓದಿದಂತಾಗಲಿಲ್ಲ. ಪದ್ಯಗಳ ಸಂಖ್ಯೆಯನ್ನು ಹೇಳಿದವನು ಗದುಗಿನ ಭಾರತವನ್ನು ವಿಮರ್ಶಿಸಿದಂತಾಯಿತೆ?

ಮೊದಲು ಹೆಸರಿನ ಅರ್ಥವನ್ನು ನೋಡಬೇಕು. ದೊಡ್ಡ ಇಗರ್ಜಿಗಳೆಲ್ಲ ಕೆಥೀಡ್ರಲ್ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆ ಪದದ ಮೂಲದಲ್ಲಿರುವುದು ಪೀಠವೆಂಬ ಅರ್ಥ. ಯಾವ ದೇವಾಲಯದಲ್ಲಿ ಬಿಷಪ್ಪರ ಪೀಠವಿದೆಯೋ ಅದಕ್ಕೆ ಮಾತ್ರ ಆ ಹೆಸರು. ಗಾತ್ರಕ್ಕೂ ಹೆಸರಿಗೂ ಸಂಬಂಧವಿಲ್ಲ. ಮಠ ಚಿಕ್ಕದಾದರೂ ಪೀಠವಿದ್ದರೆ ಗೌರವ ಬೇರೆ ಎಂಬುದು ನಮ್ಮ ಜನಕ್ಕೆ ಹೊಸದಾಗಿ ಹೇಳಬೇಕಾದ ಮಾತಲ್ಲ. ರೋಮಿನಿಂದ ಬಂದ ಅಗಸ್ಟೀನನು ೫೯೭ರಲ್ಲಿ ಕ್ಯಾಂಟರ್ಬರಿಯಲ್ಲಿ ನೆಲೆಸಿ ಅಲ್ಲಿಯ ಪೀಠವನ್ನು ಸ್ಥಾಪಿಸಿದನು. ಎಂದರೆ ಇಂಗ್ಲಿಷರ ಅತ್ಯಂತ ಪೂಜ್ಯವಾದ ಪೀಠವೇ ಹೊರಗಿನವನೊಬ್ಬನು ತಂದದ್ದು. ನಾನು ಈ ಸಂಗತಿಯನ್ನು ಪಾಠಪುಸ್ತಕಗಳಲ್ಲಿ ಎಂದೋ ಓದಿದ್ದೆನು. ಆದರೆ ಓದಿದುದಕ್ಕೆ ಅರ್ಥ ಬರಲು ಕೆಲವೊಮ್ಮೆ ಆ ನೆಲದ ಮೇಲೆ ನಿಲ್ಲಬೇಕಾಗುತ್ತದೆ.

ಊರ ಕಡೆಯ ಕೆತ್ತನೆಯ ಮಹಾದ್ವಾರದಲ್ಲಿ ಚೀಟಿ ಕೊಂಡು ಒಳಹೊಕ್ಕೆವು. ಪೂಜಾಸ್ಥಳಕ್ಕೆ ಚೀಟಿಯೇ ಎಂದು ನನ್ನ ಮನೆಯಾಕೆಗೆ ಅಸಮಾಧಾನವಾಯಿತು. ಇಷ್ಟು ಕಲ್ಲನ್ನು ಒಂಬೈನೂರು ವರ್ಷ ನಿಲ್ಲಿಸಿಕೊಂಡು ಬರಬೇಕಾದರೆ ಹಣ ಬೇಡವೇನಮ್ಮ ಎಂದು ಮಗನು ಸಮಾಧಾನ ಹೇಳಿದನು. ಅಲ್ಲಿ ಈಗ ನಿಂತಿರುವ ಕಟ್ಟಡದ ಕಥೆ ೧೦೭೦ರಲ್ಲಿ ಮೊದಲಾಗುತ್ತದೆ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಪೀಠಾಧಿಪತಿಯಾಗಿ ಬಂದ ಲ್ಯಾನ್‌ಫ್ರಾಂಕನು ಹಳೆಯದನ್ನು ಬಿಟ್ಟು ಹೊಸದನ್ನು ಕಟ್ಟಿಸಿದನು. ನೂರು ವರ್ಷಗಳ ಮೇಲೆ, ೧೧೭೦ರ ಡಿಸೆಂಬರ್ ೨೯ರಂದು, ಆ ಪೀಠದ ಅಧಿಪತಿಯಾದ ಥಾಮಸ್ ಬೆಕೆಟ್ಟನನ್ನು ದೊರೆಯ ಕಡೆಯ ನಾಲ್ವರು ಸರದಾರರು ದೇವಾಲಯದ ಒಳಗೆಯೇ ಕೊಂದರು. ಮೂರು ವರ್ಷಗಳೊಳಗಾಗಿ ಅವನು ಸಂತನೆನಿಸಿದನು. ಜನ ಕಾಲ್ನಡಿಗೆಯಲ್ಲಿ ಬರತೊಡಗಿದರು. ೧೧೭೪ರ ಸೆಪ್ಟೆಂಬರಿನಲ್ಲಿ ಬೆಂಕಿ ಬಿದ್ದು, ಸಂನ್ಯಾಸಿಗಳು ಕುಳಿತು ಸ್ತೋತ್ರ ಹಾಡುತ್ತಿದ್ದ ಗಾಯನಮಂಟಪ ಸುಟ್ಟುಹೋಯಿತು.

ಇಲ್ಲಿಂದ ಮುಂದಿನದೇ ನನ್ನ ಲೇಖನಕ್ಕೆ ಮುಖ್ಯವಾದ ಭಾಗ. ಸುಟ್ಟ ಮಂಟಪವನ್ನು ಮತ್ತೆ ಎಬ್ಬಿಸುವುದಕ್ಕೆ ಸಂನ್ಯಾಸಿಗಳು ಅನೇಕ ಶಿಲ್ಪಿಗಳನ್ನು ಕರೆಯಿಸಿ ಅಭಿಪ್ರಾಯ ಕೇಳಿದರು. ಒಬ್ಬರ ಮಾತು ಒಬ್ಬರಿಗೆ ಸೇರಲಿಲ್ಲ. ಕೊನೆಗೆ ಫ್ರಾನ್ಸಿನ ಸೆನ್ಸ್ ಪಟ್ಟಣದ ವಿಲಿಯಂ ಎಂಬ ಶಿಲ್ಪಿಗೆ ಕೆಲಸವನ್ನು ಒಪ್ಪಿಸಿದರು. ಬೆಂಕಿಯಲ್ಲಿ ಬೆಂದ ಕಂಬಗಳು ಇನ್ನು ನಿಲ್ಲಲಾರವೆಂದು ಅವನಿಗೆ ಮೊದಲೇ ಗೊತ್ತಿತ್ತು. ಆದರೆ ದುಃಖದಲ್ಲಿದ್ದ ಸಂನ್ಯಾಸಿಗಳಿಗೆ ಅದನ್ನು ಒಮ್ಮೆಗೇ ಹೇಳಲಿಲ್ಲ, ಮೆಲ್ಲಮೆಲ್ಲನೆ ತಿಳಿಸಿದನು. ತನ್ನ ನಾಡಿನಲ್ಲಿ ಆಗತಾನೆ ಬೆಳೆಯುತ್ತಿದ್ದ ಹೊಸ ಪದ್ಧತಿಯನ್ನು ತಂದನು: ತುದಿ ಚೂಪಾದ ಕಮಾನು, ಚಾವಣಿಯ ಭಾರವನ್ನು ಹೊತ್ತು ಕಂಬಗಳಿಗೆ ಇಳಿಸುವ ಕಲ್ಲಿನ ಪಕ್ಕೆಲುಬು, ಸೆನ್ಸಿನಲ್ಲಿ ಇದ್ದಂತೆ ಜೋಡಿಯಾಗಿ ನಿಂತ ಕಂಬ. ಕಲ್ಲು ಕೂಡ ಕಡಲಾಚೆಯ ಕಾನ್ ಎಂಬ ಊರಿನ ಗಣಿಯಿಂದ ಹಡಗಿನಲ್ಲಿ ಬಂದಿತು. ರೂಪ ಎರವಲು, ಶಿಲ್ಪಿ ಎರವಲು, ಕಲ್ಲೂ ಎರವಲು. ಇಂಗ್ಲಿಷ್ ಗಾಥಿಕ್ ಶೈಲಿಯ ಬಾಗಿಲು ತೆರೆದುದು ಈ ಮಂಟಪದಲ್ಲಿ ಎಂದು ಬಲ್ಲವರು ಹೇಳುತ್ತಾರೆ.

ವಿವರಣೆ ಹೇಳುತ್ತಿದ್ದ ಹೆಂಗಸು ಇದನ್ನು ಯಾವ ಸಂಕೋಚವೂ ಇಲ್ಲದೆ ಹೇಳಿದಳು. ನನಗೆ ಮಾತ್ರ ನನ್ನ ಹಳೆಯ ಉಪನ್ಯಾಸ ನೆನಪಾಗಿ ಮುಖ ಕೆಂಪಾಯಿತು. ಮೈಸೂರಿನ ದೇವಾಲಯವನ್ನು ನಕಲೆಂದು ಹಳಿಯಲು ನಾನು ಯಾವ ಅಳತೆಗೋಲನ್ನು ಹಿಡಿದಿದ್ದೆನೋ ಅದನ್ನೇ ಇಲ್ಲಿ ಹಿಡಿದರೆ ಕ್ಯಾಂಟರ್ಬರಿಯೂ ನಕಲಾಗಬೇಕು. ಹಾಗೆಂದು ಯಾರೂ ಹೇಳರು. ಏಕೆ ಹೇಳುವುದಿಲ್ಲ? ಹಳೆಯದಾಗಿದೆ ಎಂಬ ಕಾರಣ ಸಾಲದು. ಹಳೆಯ ನಕಲು ಹಳೆಯ ನಕಲೇ ಹೊರತು ಮೂಲವಾಗದು. ಈ ಪ್ರಶ್ನೆಯನ್ನು ಹಿಡಿದುಕೊಂಡು ಆ ದಿನವೆಲ್ಲ ಮಂಟಪದಲ್ಲಿ ಸುತ್ತಿದೆನು. ಉತ್ತರ ಕಲ್ಲಿನಲ್ಲಿಯೇ ಇತ್ತು.

ಗಾಯನಮಂಟಪದ ನಡುವೆ ನಿಂತು ಪೂರ್ವಕ್ಕೆ ನೋಡಿದರೆ ಎರಡು ಪಕ್ಕದ ಕಂಬಸಾಲುಗಳು ನೇರವಾಗಿ ಹೋಗುವುದಿಲ್ಲ. ಒಂದು ಎಡೆಯಲ್ಲಿ ಒಳಕ್ಕೆ ಸೊಂಟ ಹಿಡಿದಂತೆ ಕಿರಿದಾಗುತ್ತವೆ. ಮೊದಲು ಇದು ಅಳತೆಯ ತಪ್ಪೆಂದು ತೋರುತ್ತದೆ. ಸಂಗತಿ ಬೇರೆ. ಆ ಎಡೆಯಲ್ಲಿ ಎರಡು ಕಡೆಯೂ ಬೆಂಕಿಗೆ ಉಳಿದ ಹಳೆಯ ಕಟ್ಟಡದ ಎರಡು ಗೋಪುರಗಳಿವೆ. ಅವುಗಳನ್ನು ಕೆಡವಲು ಯಾರಿಗೂ ಮನಸ್ಸಿರಲಿಲ್ಲ. ಹೊಸ ಶೈಲಿ ಹಳೆಯದರ ನಡುವೆ ಮೈ ಹಿಡಿಮಾಡಿಕೊಂಡು ನುಸುಳಬೇಕಾಯಿತು. ಮಂಟಪದ ಕೆಳಗೆ ಇರುವ ವಿಶಾಲವಾದ ನೆಲಮಾಳಿಗೆಯೂ ಹಳೆಯ ಕಾಲದ್ದು. ದುಂಡು ಕಮಾನುಗಳ ಮೇಲೆ ಚೂಪು ಕಮಾನುಗಳು ನಿಂತಿವೆ. ಫ್ರಾನ್ಸಿನಿಂದ ಬಂದ ರೂಪವು ಹೀಗೆ ಮೊದಲ ದಿನವೇ ಈ ನೆಲದ ಹಂಗಿಗೆ ಒಳಗಾಯಿತು.

ಮುಂದೆ ಇನ್ನೊಂದು ಮಾರ್ಪಾಡು ಆಯಿತು. ೧೧೭೮ರಲ್ಲಿ ಸೆನ್ಸಿನ ವಿಲಿಯಂ ಸಾರುವೆಯ ಮೇಲಿಂದ ಸುಮಾರು ಐವತ್ತು ಅಡಿ ಕೆಳಕ್ಕೆ ಬಿದ್ದು ಮೂಳೆ ಮುರಿದುಕೊಂಡನು. ಹಾಸಿಗೆಯಲ್ಲಿ ಮಲಗಿಯೇ ಕೆಲಕಾಲ ಕೆಲಸ ಮಾಡಿಸಿ, ಆಗದೆ ತನ್ನ ನಾಡಿಗೆ ಹಿಂದಿರುಗಿದನು. ಅವನ ಎಡೆಗೆ ಬಂದವನೂ ವಿಲಿಯಂ ಎಂಬ ಹೆಸರಿನವನೇ, ಆದರೆ ಇಂಗ್ಲಿಷಿನವನು. ಅವನು ೧೧೮೪ರ ಹೊತ್ತಿಗೆ ಮುಗಿಸಿದ ಪೂರ್ವಭಾಗವು ಬೆಕೆಟ್ಟನ ಸಮಾಧಿಗಾಗಿಯೇ ಕಲ್ಪಿತವಾದುದು. ನೆಲವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋಗಿ, ಬಲಿಪೀಠಕ್ಕಿಂತ ಆಚೆಗೆ, ಎತ್ತರದಲ್ಲಿ, ಸಂತನಿಗೆ ಸ್ಥಳ ಮಾಡಿಕೊಡುತ್ತದೆ. ಕಂಬಗಳಲ್ಲಿ ತಿಳಿಬಣ್ಣದ ಕಾನ್ ಕಲ್ಲಿನ ಜೊತೆಗೆ ಇಂಗ್ಲೆಂಡಿನ ದಕ್ಷಿಣ ತೀರದ ಪರ್ಬೆಕ್ಕಿನ ಕಪ್ಪುಗಲ್ಲು ಸೇರಿತು. ೧೨೨೦ರಲ್ಲಿ ಸಂತನ ಅವಶೇಷಗಳನ್ನು ಅಲ್ಲಿಗೆ ತಂದರು. ಮುನ್ನೂರು ವರ್ಷಗಳ ಕಾಲ ಯಾತ್ರಿಕರು ಏರಿದ ಆ ಮೆಟ್ಟಿಲುಗಳು ಇಂದಿಗೂ ನಡುವೆ ಸವೆದು ತಗ್ಗಾಗಿವೆ. ನಮ್ಮ ಬೆಟ್ಟದ ಮೆಟ್ಟಿಲುಗಳನ್ನು ಕಂಡವರಿಗೆ ಆ ಸವಕಳಿಯ ಅರ್ಥವನ್ನು ವಿವರಿಸಬೇಕಾಗಿಲ್ಲ.

ಎಂಟನೆಯ ಹೆನ್ರಿಯ ಆಜ್ಞೆಯಿಂದ ೧೫೩೮ರಲ್ಲಿ ಆ ಸಮಾಧಿ ನಾಶವಾಯಿತು. ಅದಿದ್ದ ಎಡೆಯಲ್ಲಿ ಈಗ ಬರಿಯ ನೆಲ; ನಡುವೆ ಒಂದು ಮೇಣದ ಬತ್ತಿ ಉರಿಯುತ್ತಿರುತ್ತದೆ. ಸಮಾಧಿ ಹೋಯಿತು, ಆದರೆ ಸಮಾಧಿಗಾಗಿ ಏರಿದ ನೆಲ ಉಳಿಯಿತು. ರೂಪವು ತನ್ನ ಅಗತ್ಯವನ್ನು ಎಷ್ಟರಮಟ್ಟಿಗೆ ಮೈಗೂಡಿಸಿಕೊಂಡಿತ್ತೆಂದರೆ, ಅಗತ್ಯವು ಮರೆಯಾದ ಮೇಲೂ ಕಟ್ಟಡವು ಅದನ್ನೇ ಹೇಳುತ್ತ ನಿಂತಿದೆ. ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದುದು ಇಂಥದನ್ನೇ ಅಲ್ಲವೆ?

ಆ ಕಾಲದಲ್ಲಿಯೇ ಈ ಕಟ್ಟಡಕ್ಕೆ ಒಬ್ಬ ವಿಮರ್ಶಕನೂ ದೊರೆತಿದ್ದನು. ಗರ್ವೇಸನೆಂಬ ಸಂನ್ಯಾಸಿ ಬೆಂಕಿಯನ್ನು ಕಣ್ಣಾರೆ ಕಂಡು, ಮುಂದಿನ ಕೆಲಸವನ್ನೆಲ್ಲ ವರ್ಷ ವರ್ಷವೂ ಬರೆದಿಟ್ಟನು. ಹಳೆಯ ಮಂಟಪವನ್ನೂ ಹೊಸದನ್ನೂ ಎದುರುಬದುರು ಇಟ್ಟು ಹೋಲಿಸಿದನು: ಅಲ್ಲಿಯ ಕಂಬದ ತಲೆಗಳು ಬೋಳು, ಇಲ್ಲಿಯವು ಕೆತ್ತನೆಯವು, ಅಲ್ಲಿ ಕೊಡಲಿಯ ಕೆಲಸ, ಇಲ್ಲಿ ಉಳಿಯ ಕೆಲಸ. ಹೊಸದು ಎಲ್ಲಿಂದ ಬಂದಿತೆಂಬುದು ಅವನಿಗೆ ತಿಳಿದೇ ಇತ್ತು. ಆದರೂ ಅದನ್ನು ಗುಣವೆಂದಾಗಲಿ ದೋಷವೆಂದಾಗಲಿ ಅವನು ಎಣಿಸಲಿಲ್ಲ. ಎದುರಿಗಿರುವ ಕಲ್ಲು ಏನು ಮಾಡುತ್ತಿದೆ ಎಂಬುದನ್ನು ನೋಡಿದನು. ಎಂಟುನೂರು ವರ್ಷಗಳ ತರುವಾಯ ಉಪನ್ಯಾಸ ಮಾಡಿದ ನನಗೆ ಅಷ್ಟು ವಿವೇಕ ಸಾಲದೆ ಹೋಯಿತು. ನಾನು ವಂಶಾವಳಿಯನ್ನು ಕೇಳಿದೆನು. ಅವನು ನಡತೆಯನ್ನು ಕೇಳಿದನು.

ಸಾಹಿತ್ಯದಲ್ಲಿಯಾದರೂ ನಾವು ವಂಶಾವಳಿಯನ್ನೇ ಕೇಳುತ್ತ ಕುಳಿತರೆ ಕನ್ನಡಕ್ಕೆ ಉಳಿಯುವುದು ಸ್ವಲ್ಪ. ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗವು ಬಹುಮಟ್ಟಿಗೆ ದಂಡಿಯ ಕಾವ್ಯಾದರ್ಶವನ್ನು ಅನುಸರಿಸಿದೆ. ಆದರೆ ದಂಡಿಯಲ್ಲಿ ಇಲ್ಲದ ಬೆದಂಡೆ ಚತ್ತಾಣಗಳನ್ನು ಕುರಿತು ಅದು ಹೇಳಬೇಕಾಯಿತು, ಕನ್ನಡನಾಡಿನ ಎಲ್ಲೆಯನ್ನು ಹೇಳಬೇಕಾಯಿತು. ಸಂಸ್ಕೃತದ ಮಂಟಪವು ಕನ್ನಡದ ಹಳೆಯ ಗೋಪುರಗಳ ನಡುವೆ ಸೊಂಟ ಹಿಡಿದು ನುಸುಳಿದ ಎಡೆ ಅದು. ಆ ಗ್ರಂಥದ ಬೆಲೆ ಇರುವುದು ಅಲ್ಲಿ.

ಇನ್ನು ಈಚಿನ ಕಾಲಕ್ಕೆ ಬಂದರೆ, ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ೧೯೨೬ರಲ್ಲಿ ಹೊರಬಂದಿತು. ಅವು ಅನುವಾದಗಳೆಂಬುದನ್ನು ಹೆಸರೇ ಒಪ್ಪಿಕೊಂಡಿದೆ. ಮೂರು ವರ್ಷಗಳ ಮೇಲೆ ಬಂದ ಅವರ 'ಅಶ್ವತ್ಥಾಮನ್' ನಾಟಕವು ಸೊಫೋಕ್ಲಿಸನ 'ಏಜಾಕ್ಸ್' ನಾಟಕದ ಕಟ್ಟಿನೊಳಗೆ ಮಹಾಭಾರತದ ವೀರನನ್ನು ನಿಲ್ಲಿಸಿತು. ಇದಾದ ಮೇಲೆ ೧೯೩೫ರಲ್ಲಿ ಟಿ. ಎಸ್. ಎಲಿಯಟ್ಟನು ಬೆಕೆಟ್ಟನ ವಧೆಯನ್ನು ಕುರಿತು ಬರೆದ ನಾಟಕವನ್ನು ಕ್ಯಾಂಟರ್ಬರಿಯ ದೇವಾಲಯದ ಸಭಾಮಂಟಪದಲ್ಲಿಯೇ ಆಡಿದರು. ಅವನೂ ಗ್ರೀಕರ ಮೇಳವನ್ನು ತಂದು, ಕ್ಯಾಂಟರ್ಬರಿಯ ಬಡ ಹೆಂಗಸರ ಮೇಳವನ್ನಾಗಿ ಮಾಡಿದನು. ಮೈಸೂರಿನ ಪಂಡಿತರೂ ಲಂಡನ್ನಿನ ಕವಿಯೂ ಹತ್ತು ವರ್ಷಗಳ ಒಳಗೆ ಒಂದೇ ಮನೆಗೆ ಹೋಗಿ ಸಾಲ ತಂದರು. ಎಲಿಯಟ್ಟನನ್ನು ಯಾರೂ ಗ್ರೀಕರ ನಕಲುಗಾರನೆಂದು ಕರೆದಿಲ್ಲ. ನಮ್ಮವರನ್ನು ಮಾತ್ರ ನಾವು ಎಷ್ಟೋ ವೇಳೆ ಸಾಲಗಾರರ ಪಟ್ಟಿಯಲ್ಲಿ ಬರೆದುಕೊಳ್ಳುತ್ತೇವೆ. ಮಂಜೇಶ್ವರದ ಗೋವಿಂದ ಪೈಗಳು 'ಗೊಲ್ಗೊಥಾ' ಕಾವ್ಯದಲ್ಲಿ ಯೇಸುವಿನ ಕಡೆಯ ದಿನವನ್ನು ಪ್ರೌಢ ಕನ್ನಡದಲ್ಲಿ ಹಾಡಿದರು. ಅಲ್ಲಿ ವಸ್ತು ಹೊರಗಿನದು, ಇಲ್ಲಿ ರೂಪ ಹೊರಗಿನದು. ಎರಡರಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ: ತಂದದ್ದು ಬಂದ ಮನೆಯ ಕೆಲಸವನ್ನು ಕೈಗೆತ್ತಿಕೊಂಡಿತೆ?

ಈ ಪ್ರಶ್ನೆಯನ್ನು ಹೊತ್ತು ಊರಿಗೆ ಬಂದವನು ಮೊದಲು ಮೈಸೂರಿನಲ್ಲಿ ಇಳಿದು ಸಂತ ಫಿಲೋಮಿನಾ ದೇವಾಲಯಕ್ಕೆ ಹೋದೆನು. ೧೮೪೩ರಲ್ಲಿ ಕಟ್ಟಿದ ಹಳೆಯ ದೇವಾಲಯವಿದ್ದ ಎಡೆಯಲ್ಲಿ, ೧೯೩೩ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಈ ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಿದರು. ಇದರ ಅವಳಿ ಶಿಖರಗಳು ೧೭೫ ಅಡಿ. ಕೊಲೋನಿನವು ೫೧೫ ಅಡಿ. ಈ ಲೆಕ್ಕವನ್ನು ನಾನು ಅಂದು ಸಭೆಯಲ್ಲಿ ಹೇಳಿ ನಗಿಸಿದ್ದೆನು. ಕೊಲೋನಿನ ಕೆಲಸ ೧೨೪೮ರಲ್ಲಿ ಮೊದಲಾಗಿ, ಹದಿನಾರನೆಯ ಶತಮಾನದಲ್ಲಿ ನಿಂತುಹೋಗಿ, ಹಳೆಯ ನಕ್ಷೆಯನ್ನು ಹಿಡಿದು ೧೮೮೦ರಲ್ಲಿ ಮುಗಿಯಿತೆಂಬುದನ್ನು ಮಾತ್ರ ಹೇಳಿರಲಿಲ್ಲ. ಎಂದರೆ ನಾನು ಮೂಲವೆಂದು ಪೂಜಿಸಿದ ಆ ಶಿಖರಗಳಿಗೂ ಮೈಸೂರಿನವಕ್ಕೂ ನಡುವೆ ಇರುವುದು ಅರ್ಧ ಶತಮಾನಕ್ಕಿಂತ ತುಸು ಹೆಚ್ಚು.

ಆದರೆ ವಯಸ್ಸಿನ ಲೆಕ್ಕದಿಂದ ಅದನ್ನು ಉಳಿಸುವುದು ನನ್ನ ಉದ್ದೇಶವಲ್ಲ. ಒಳಗೆ ಕುಳಿತು ನೋಡಿದೆನು. ಹೊತ್ತು ಮಧ್ಯಾಹ್ನ ಮೂರು ಗಂಟೆ, ಬೇಸಗೆ. ಉತ್ತರ ದೇಶಗಳಲ್ಲಿ ಬೆಳಕು ದುರ್ಲಭ. ಗೋಡೆಯ ಭಾರವನ್ನು ಕಂಬಕ್ಕೂ ಹೊರಗಿನ ಆಸರೆಗಲ್ಲಿಗೂ ಇಳಿಸಿ, ಗೋಡೆಯನ್ನು ತೆರವು ಮಾಡಿ, ಅಲ್ಲಿ ಎತ್ತರವಾದ ಕಿಟಕಿಗಳನ್ನು ಇಡುವುದಕ್ಕೆ ಗಾಥಿಕ್ ಶಿಲ್ಪಿಗಳು ಅಷ್ಟು ಶ್ರಮಪಟ್ಟದ್ದು ಇದ್ದಷ್ಟು ಬೆಳಕನ್ನು ಒಳಕ್ಕೆ ಕರೆಯುವುದಕ್ಕಾಗಿ. ಕ್ಯಾಂಟರ್ಬರಿಯಲ್ಲಿ ಮೋಡ ಕವಿದಿದ್ದ ದಿನವೂ ಆ ಬಣ್ಣದ ಗಾಜು ಬೆಳಕನ್ನು ಹಿಂಡಿ ತೆಗೆದಂತೆ ಕಂಡಿತ್ತು. ಮೈಸೂರಿನಲ್ಲಿ ಬೆಳಕಿಗೆ ಬಡತನವಿಲ್ಲ; ಕಣ್ಣು ಕೋರೈಸುವಷ್ಟಿದೆ. ಇಲ್ಲಿ ಅದೇ ಬಣ್ಣದ ಗಾಜು ಮಾಡುವ ಕೆಲಸ ನೇರವಾಗಿ ವಿರುದ್ಧವಾದುದು. ಅದು ಹೊರಗಿನ ಉರಿಯನ್ನು ತಡೆದು, ತಣಿಸಿ, ನೀಲಿಯಾಗಿಯೂ ಕೆಂಪಾಗಿಯೂ ಒಳಕ್ಕೆ ಬಿಡುತ್ತದೆ. ಬಿಸಿಲಿನಿಂದ ಬಂದವನಿಗೆ ಒಳಗೆ ದೊರೆಯುವುದು ಮಬ್ಬು, ತಂಪು. ನಮ್ಮ ಜನ ಗರ್ಭಗುಡಿಯ ಮುಂದಿನ ನವರಂಗದಲ್ಲಿ ಬಯಸುವುದೂ ಇದನ್ನೇ. ಕಡ ತಂದ ಸಾಧನವು ತಾನಿದ್ದ ಊರಿನಲ್ಲಿ ಮಾಡುತ್ತಿದ್ದುದಕ್ಕೆ ವಿರುದ್ಧವಾದ ಕೆಲಸವನ್ನು ಇಲ್ಲಿ ಮಾಡುತ್ತಿದೆಯೆಂದರೆ ಅದನ್ನು ಇನ್ನು ನಕಲೆನ್ನುವುದು ಹೇಗೆ?

ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಸಂತಳ ಪ್ರತಿಮೆ ಮಲಗಿದೆ. ಕಿರಿದಾದ ಹಾದಿಯಲ್ಲಿ ಜನ ಒಬ್ಬರ ಹಿಂದೆ ಒಬ್ಬರು ಇಳಿದು, ನಿಂತು, ಬೇಡಿಕೊಂಡು, ಇನ್ನೊಂದು ಕಡೆ ಏರಿ ಬರುತ್ತಾರೆ. ನನ್ನ ಮುಂದೆ ಇದ್ದ ಹೆಂಗಸಿನ ಮುಡಿಯಲ್ಲಿ ಮಲ್ಲಿಗೆಯಿತ್ತು. ಕೈಯಲ್ಲಿ ಮೇಣದ ಬತ್ತಿಯಿತ್ತು. ಆಕೆ ಕೊಲೋನನ್ನು ಕಂಡವಳಲ್ಲ, ಕಾಣಬೇಕಾಗಿಯೂ ಇಲ್ಲ. ಆ ಕಟ್ಟಡದ ವಿಷಯದಲ್ಲಿ ನನಗಿಂತ ಆಕೆಯ ಅಭಿಪ್ರಾಯಕ್ಕೆ ಹೆಚ್ಚಿನ ಪ್ರಮಾಣವಿದೆಯೆಂದು ಅಂದು ನನಗೆ ಅನಿಸಿತು.

ಹಾಗೆಂದು ಹೊಗಳಿಕೆಯಲ್ಲಿಯೂ ಮಿತಿಯನ್ನು ಬಿಡಬಾರದು. ಹೊರಗಿನ ಮುಖದ ವಿಷಯದಲ್ಲಿ ನನ್ನ ಹಳೆಯ ಅಭಿಪ್ರಾಯ ಪೂರ್ಣವಾಗಿ ಹೋಗಿಲ್ಲ. ಕೊಲೋನಿನಲ್ಲಿ ಶಿಖರವು ಕಟ್ಟಡದ ಗಾತ್ರದಿಂದ ತಾನೇ ಬೆಳೆದಂತೆ ಕಾಣುವುದಾದರೆ, ಮೈಸೂರಿನಲ್ಲಿ ಅದು ಕೊಲೋನನ್ನು ನೆನಪಿಗೆ ತರುವುದಕ್ಕಾಗಿ ನಿಂತಂತೆ ಕಾಣುತ್ತದೆ. ಒಳಗು ಮೈಸೂರಿನದಾಗಿದೆ, ಹೊರಗು ಇನ್ನೂ ಪರದೇಶದ ಕಾಗದವನ್ನು ಕೈಯಲ್ಲಿ ಹಿಡಿದಿದೆ. ಬೆಂಗಳೂರಿನ ಸಂತ ಮಾರ್ಕನ ಕೆಥೀಡ್ರಲ್ಲಿನಲ್ಲಿ ಈ ಕಾಗದ ಇನ್ನೂ ಸ್ಪಷ್ಟ. ೧೮೦೮ರಲ್ಲಿ ಮೊದಲಾಗಿ ೧೮೧೬ರಲ್ಲಿ ಪ್ರತಿಷ್ಠಿತವಾದ ಅದು ದಂಡಿನ ಇಂಗ್ಲಿಷರಿಗಾಗಿ, ಲಂಡನ್ನಿನ ಸಂತ ಪಾಲನ ದೇವಾಲಯವನ್ನು ಮಾದರಿಯಾಗಿಟ್ಟುಕೊಂಡು ಹುಟ್ಟಿದುದು. ಮನೆ ಬಿಟ್ಟು ಬಂದವರಿಗೆ ಮನೆಯ ನೆನಪನ್ನು ಕೊಡುವುದೇ ಅದರ ಮೊದಲ ಕೆಲಸವಾಗಿತ್ತು. ಆದಕಾರಣ ಅದು ಮೂಲವನ್ನು ಹೋಲಲೇಬೇಕಾಗಿತ್ತು. ಹೋಲಿಕೆ ಅಲ್ಲಿ ದೋಷವಲ್ಲ, ಪ್ರಯೋಜನ. ೧೯೨೩ರ ಬೆಂಕಿಯ ತರುವಾಯ ಅದು ೧೯೨೭ರಲ್ಲಿ ಮತ್ತೆ ಎದ್ದು ನಿಂತಿತು. ೧೯೪೭ರಲ್ಲಿ ದಂಡಿನವರು ಹೊರಟುಹೋದರು. ಕಟ್ಟಡ ಅದೇ, ಒಳಗೆ ಮೊಣಕಾಲೂರುವವರು ಈಗ ಈ ದೇಶದವರು. ಇಲ್ಲಿ ರೂಪ ಬದಲಾಗಲಿಲ್ಲ, ಒಡೆಯರು ಬದಲಾದರು. ಅದೂ ಎರವು ಒಡವೆಯಾಗುವ ಒಂದು ಬಗೆ.

ನಮ್ಮ ಕೃಷ್ಣರಾಜನಗರದ ಸೀಮೆಯಲ್ಲಿಯೇ ಇರುವ ದೋರನಹಳ್ಳಿಯದು ಇವೆರಡಕ್ಕೂ ಬೇರೆಯಾದ ದಾರಿ. ಅಲ್ಲಿಯ ಸಂತ ಅಂತೋಣಿಯ ದೇವಾಲಯಕ್ಕೆ ೨೦೧೯ರಲ್ಲಿ ಬೆಸಿಲಿಕಾ ಎಂಬ ಗೌರವ ದೊರೆಯಿತು. ಸಂತ ಅಂತೋಣಿ ಹುಟ್ಟಿದ್ದು ಲಿಸ್ಬನ್ನಿನಲ್ಲಿ, ತೀರಿಕೊಂಡದ್ದು ಇಟಲಿಯ ಪಾದುವದ ಬಳಿ, ೧೨೩೧ರಲ್ಲಿ. ಅವನು ದೋರನಹಳ್ಳಿಗೆ ಬಂದ ಕಥೆಯನ್ನು ಜನ ಹೇಳುವ ರೀತಿಯೇ ಬೇರೆ. ರೈತನೊಬ್ಬನು ಹೊಲ ಉಳುತ್ತಿರುವಾಗ ಮರದ ಪ್ರತಿಮೆಯೊಂದು ದೊರೆಯಿತಂತೆ. ಅದು ಯಾರದೆಂದು ತಿಳಿಯದೆ ಮಕ್ಕಳ ಕೈಗೆ ಬೊಂಬೆಯಾಗಿ ಕೊಟ್ಟನಂತೆ. ಆಮೇಲೆ ಸಂತನು ಕನಸಿನಲ್ಲಿ ಬಂದನಂತೆ. ನೇಗಿಲ ಮೊನೆಗೆ ದೇವರು ತಗಲುವ ಕಥೆಯನ್ನು ನಮ್ಮ ಎಷ್ಟು ಊರುಗಳಲ್ಲಿ ಕೇಳಿಲ್ಲ! ಪಾದುವದ ಸಂತನನ್ನು ಈ ನೆಲದವನನ್ನಾಗಿ ಮಾಡುವುದಕ್ಕೆ ಜನರು ಅವನನ್ನು ಈ ನೆಲದೊಳಗಿಂದಲೇ ಹುಟ್ಟಿಸಿದರು. ಜೂನ್ ೧೩ರ ಹಬ್ಬಕ್ಕೆ ಮತಭೇದವಿಲ್ಲದೆ ಹರಕೆ ಹೊತ್ತು ಬರುವ ಜನರೇ ಅದಕ್ಕೆ ಸಾಕ್ಷಿ.

ಹಾಗಾದರೆ ಎಲ್ಲ ಅನುಕರಣವೂ ಒಳ್ಳೆಯದೆ, ನಕಲೆಂಬ ಮಾತನ್ನೇ ನಿಘಂಟಿನಿಂದ ತೆಗೆಯಬೇಕೆ, ಎಂದು ವಾಚಕರು ಕೇಳಬಹುದು. ಬೇಡ. ಮದುವೆಯ ಛತ್ರಗಳ ಮುಂಭಾಗದಲ್ಲಿ ಗಾರೆಯಿಂದ ಚೂಪು ಕಮಾನನ್ನು ಬರೆದು, ಅದರ ಹಿಂದೆ ಚೌಕದ ಕಿಟಕಿಯನ್ನು ಇಟ್ಟಿರುವುದನ್ನು ನಾ‍ವು ಕಾಣುತ್ತೇವೆ. ಆ ಕಮಾನು ಯಾವ ಭಾರವನ್ನೂ ಹೊರುವುದಿಲ್ಲ, ಯಾವ ಬೆಳಕನ್ನೂ ಕರೆಯುವುದಿಲ್ಲ. ಹಿಮವನ್ನೇ ಕಾಣದ ಬಯಲುಸೀಮೆಯಲ್ಲಿ ಕುಳಿತು, ಹಿಮ ಕರಗಿ ವಸಂತ ಬಂದಿತೆಂದು ಹಾಡುವ ಪದ್ಯಗಳು ನಮ್ಮ ಪತ್ರಿಕೆಗಳಿಗೆ ಒಂದು ಕಾಲದಲ್ಲಿ ರಾಶಿಯಾಗಿ ಬರುತ್ತಿದ್ದುವು. ಅವು ಗಾರೆಯ ಕಮಾನುಗಳು. ಅವುಗಳ ದೋಷವು ಹೊರಗಿನಿಂದ ಬಂದುದರಲ್ಲಿ ಇಲ್ಲ. ಬಂದ ಮೇಲೆ ಕೆಲಸ ಮಾಡದೆ ಕುಳಿತುದರಲ್ಲಿ ಇದೆ. ನಂಟನಾಗಿ ಬಂದವನು ಮೂರು ದಿನ ಕುಳಿತು ಉಣ್ಣಬಹುದು. ನಾಲ್ಕನೆಯ ದಿನ ಕಣದ ಕೆಲಸಕ್ಕೆ ಕೈ ಹಚ್ಚಿದರೆ ಮನೆಯವನಾಗುತ್ತಾನೆ.

ಕಳೆದ ಮಳೆಗಾಲದಲ್ಲಿ, ಕಾವೇರಿ ತುಂಬಿದ್ದಾಗ, ನಾನು ಚುಂಚನಕಟ್ಟೆಗೆ ಹೋಗಿದ್ದೆನು. ಸಂಕ್ರಾಂತಿಯ ಹೊತ್ತಿಗೆ ನಡೆಯುವ ದನಗಳ ಜಾತ್ರೆಯಲ್ಲಿ ಅಲ್ಲಿಗೆ ಹೋಗುವವರು ಬಹುಮಂದಿ. ಕೆಂಪುನೀರಿನ ಕಾಲದಲ್ಲಿ ಹೋಗುವವರು ಕಡಿಮೆ. ಹೊಳೆ ಅಲ್ಲಿ ಕವಲೊಡೆದು ಸುಮಾರು ಅರುವತ್ತು ಅಡಿ ಕೆಳಕ್ಕೆ ಧುಮುಕುತ್ತದೆ. ಮಾತು ಕೇಳಿಸುವುದಿಲ್ಲ. ಮೇಲೆ ಕೋದಂಡರಾಮನ ದೇವಾಲಯದ ಆವರಣದಲ್ಲಿಯೂ ಆ ಮೊರೆತ ಹಿಂಬಾಲಿಸುತ್ತದೆ. ಗರ್ಭಗುಡಿಯಲ್ಲಿ ಮಾತ್ರ ಅದು ಕೇಳಿಸುವುದಿಲ್ಲವೆಂದು ಸ್ಥಳದ ಪ್ರತೀತಿ. ನಾನು ಬಾಗಿಲಲ್ಲಿ ನಿಂತು ಕಿವಿಗೊಟ್ಟೆನು. ಮಂಗಳಾರತಿಯ ಗಂಟೆ ನಿಂತ ಮೇಲೆ ಉಳಿದದ್ದು ಮೌನವೇ.

ಅಲ್ಲಿ ಸೀತೆ ರಾಮನ ಬಲಗಡೆಯಲ್ಲಿ ನಿಂತಿದ್ದಾಳೆ. ಬೇರೆ ಎಡೆಗಳಲ್ಲಿ ಎಡಗಡೆ ನಿಲ್ಲುವುದು ವಾಡಿಕೆ. ಈ ಕಾಡಿನಲ್ಲಿ ಚುಂಚ, ಚುಂಚಿಯೆಂಬ ಬೇಡ ದಂಪತಿಗಳಿದ್ದರೆಂದೂ, ವನವಾಸದಲ್ಲಿ ರಾಮನು ಅವರ ಕೋರಿಕೆಯಂತೆ ಇಲ್ಲಿ ತಂಗಿದನೆಂದೂ ಐತಿಹ್ಯ. ಸೀತೆಗೆ ಮೀಯಬೇಕೆನಿಸಿತು. ಲಕ್ಷ್ಮಣನು ಬಂಡೆಗೆ ಬಾಣ ಹೊಡೆದನು. ನೀರು ಮೂರು ಬಗೆಯಾಗಿ ಹೊರಟಿತು: ಒಂದು ಎಣ್ಣೆಯದು, ಒಂದು ಅರಿಶಿನದ್ದು, ಒಂದು ಸೀಗೆಯದು.

ಈ ಕಥೆಯನ್ನು ಬಾಲ್ಯದಿಂದ ಕೇಳಿದ್ದೇನೆ. ಅದರ ಅರ್ಥ ಆ ದಿನ ಹೊಳೆದಷ್ಟು ಹಿಂದೆ ಎಂದೂ ಹೊಳೆದಿರಲಿಲ್ಲ. ಮಿಥಿಲೆಯಲ್ಲಿ ಹುಟ್ಟಿ ಅಯೋಧ್ಯೆಗೆ ಸೊಸೆಯಾಗಿ ಹೋದವಳಿಗೆ ಕಾವೇರಿಯ ಬಂಡೆಯ ಮೇಲೆ ಎಣ್ಣೆ, ಅರಿಶಿನ, ಸೀಗೆಯ ಅಭ್ಯಂಜನವನ್ನು ಕಲ್ಪಿಸಿದವರು ಯಾರು? ತವರಿಗೆ ಬಂದ ಮಗಳಿಗೆ ತಾಯಿ ಮಾಡಿಸುವ ಸ್ನಾನ ಅದು. ಯಾವ ಮನೆಯ ಬಚ್ಚಲಿನಲ್ಲಿ ಕುಳಿತು ಯಾವ ಅಜ್ಜಿ ಇದನ್ನು ಮೊದಲು ಹೇಳಿದಳೋ! ದಂಡಿಯನ್ನು ಕನ್ನಡಿಸಿದವರ ಹೆಸರನ್ನು ಕುರಿತು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಸೀತೆಯನ್ನು ಕನ್ನಡಿಸಿದವಳ ಹೆಸರನ್ನು ಕೇಳಿದವರೇ ಇಲ್ಲ. ನಮ್ಮ ಚುಂಚನಕಟ್ಟೆಯ ರಾಮ ಯಾವೂರಿನವನೆಂದು ಆ ಯಜಮಾನರು ಕೇಳಿದ ಪ್ರಶ್ನೆಗೆ ಉತ್ತರ ಇದು: ಅವನು ಅಯೋಧ್ಯೆಯಿಂದ ಬಂದವನು, ಈ ಊರವನು. ಎರಡೂ ಮಾತು ದಿಟ. ಒಂದು ಇನ್ನೊಂದನ್ನು ಸುಳ್ಳುಮಾಡುವುದಿಲ್ಲ.

ಈ ಉತ್ತರವನ್ನು ಅವರಿಗೇ ಹೇಳೋಣವೆಂದು ವಿಚಾರಿಸಿದೆನು. ಅವರು ತೀರಿಕೊಂಡು ಮೂರು ವರ್ಷವಾಯಿತೆಂದು ದೇವಾಲಯದ ಮುಂದಿನ ಹಣ್ಣುಕಾಯಿ ಅಂಗಡಿಯವರು ಹೇಳಿದರು. ಇನ್ನು ಉಳಿದಿರುವುದು ಸಂಘದ ವರದಿಯಲ್ಲಿ ಅಚ್ಚಾಗಿರುವ ನನ್ನ ವಾಕ್ಯ. ಅಚ್ಚಾದುದನ್ನು ಅಳಿಸುವಂತಿಲ್ಲ, ಅದರ ಪಕ್ಕದಲ್ಲಿ ಇನ್ನೊಂದನ್ನು ಅಚ್ಚುಮಾಡಬಹುದು. ಮೈಸೂರಿನ ಸಂತ ಫಿಲೋಮಿನಾ ದೇವಾಲಯವನ್ನು ಕುರಿತು ನಕಲೆಂದು ನಾನು ಆಡಿದ ಮಾತನ್ನು ಈ ಲೇಖನದಿಂದ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮುಂದೆ ಆ ಕಟ್ಟಡವನ್ನು ವಿಮರ್ಶಿಸುವವರು ಮಧ್ಯಾಹ್ನ ಮೂರು ಗಂಟೆಗೆ, ಬಿಸಿಲಿನಿಂದ ನೇರವಾಗಿ ಒಳಗೆ ಹೋಗಿ, ಸ್ವಲ್ಪ ಹೊತ್ತು ಕುಳಿತು, ಆಮೇಲೆ ಬರೆಯಲಿ.